ಗುವಾಹಟಿಯ ಸೋಲೂ ವಿಜಯಪುರದ ಸಿಟ್ಟೂ

2025ನೆಯ ಇಸವಿಯ ನವೆಂಬರ ತಿಂಗಳು ನಮ್ಮ ದೇಶದ ಕ್ರಿಕೆಟ್ ಪ್ರೇಮಿಗಳನ್ನು ಮೂರೂವರೆ ವಾರಗಳೊಳಗಾಗಿ ಮುಗಿಲಿಗೂ ಏರಿಸಿತು, ನೆಲಕ್ಕೂ ಕೆಡವಿತು. ಆ ತಿಂಗಳ 2ನೆಯ ತಾರೀಖಿಗೆ ನಮ್ಮ ಮಹಿಳೆಯರು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕದವರನ್ನು 52 ಓಟಗಳಿಂದ ಸೋಲಿಸಿ ವಿಶ್ವಕಪ್ಪನ್ನು ಮೊದಲ ಸಲ ತಮ್ಮದಾಗಿಸಿಕೊಂಡರು. 26ನೆಯ ತಾರೀಖಿಗೆ ಅದೇ ದಕ್ಷಿಣ ಆಫ್ರಿಕದ ಪುರುಷರು ಗುವಾಹಟಿಯ ಟೆಸ್ಟ್ ಪಂದ್ಯದಲ್ಲಿ ನಮ್ಮವರನ್ನು 408 ಓಟಗಳ ಅಂತರದಿಂದ ಮಣ್ಣು ಮುಕ್ಕಿಸಿದರು. ಭಾರತವು 1932ರಲ್ಲಿ ಟೆಸ್ಟ್ ಆಡತೊಡಗಿದಂದಿನಿಂದ ಓಟಗಳ ಲೆಕ್ಕದಲ್ಲಿ ಇಷ್ಟು ದೊಡ್ಡ ಸೋಲನ್ನು ಕಂಡಿರಲಿಲ್ಲ. ಇದಕ್ಕೆ ಹಿಂದಿನ ದೊಡ್ಡ ಸೋಲೆಂದರೆ 2004ರಲ್ಲಿ ನಾಗಪುರದಲ್ಲಿ ಆಸ್ಟ್ರೇಲಿಯದವರಿಂದ ಬಂದ 342 ಓಟಗಳದು. ಅಂದು ನಮ್ಮ ಕನ್ನಡಿಗರೇ ಆದ ರಾಹುಲ ದ್ರಾವಿಡರು ತಂಡದ ಮುಂದಾಳಾಗಿ ನಿಂತು ಆ ಕಹಿಯನ್ನು ಉಂಡಿದ್ದರು.

ಗುವಾಹಟಿಯ ಸುದ್ದಿ ಬಂದ ಬಳಿಕ ವಿಜಯಪುರದ ಗಾಂಧಿ ಚೌಕದಲ್ಲಿಯೂ ತಿಕೋಟಾದ ಚಹದಂಗಡಿಗಳಲ್ಲಿಯೂ ಬಬಲೇಶ್ವರದ ಬಸ್ಸು ನಿಲ್ದಾಣದಲ್ಲಿಯೂ ಕೇಳಿಬಂದ ಮಾತುಗಳನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಅವರೂ ಕೇಳಿದ್ದಾರೆ, ಬಹುಶಃ ಆಡಿಯೂ ಇದ್ದಾರೆ. ತರಬೇತುದಾರನನ್ನು ಓಡಿಸಬೇಕೆಂದು ಒಬ್ಬರು. ಹನ್ನೊಂದು ಮಂದಿಯನ್ನೂ ಕರೆತಂದು ಜೋಳದ ಹೊಲದಲ್ಲಿ ಕಳೆ ತೆಗೆಯಲು ಹಚ್ಚಬೇಕೆಂದು ಇನ್ನೊಬ್ಬರು. ಕಾಂಚಾಣದ ಆಟದಲ್ಲಿ ಕೊಬ್ಬಿದವರಿಗೆ ದೇಶದ ಮಾನದ ಚಿಂತೆ ಎಲ್ಲಿಯದೆಂದು ಮೂರನೆಯವರು. ಗುವಾಹಟಿಯ ಮೈದಾನದಲ್ಲಿಯೇ ಪ್ರೇಕ್ಷಕರು ತರಬೇತುದಾರ ಗೌತಮ ಗಂಭೀರರ ಮೇಲೆ ಧಿಕ್ಕಾರದ ಕೂಗೆಬ್ಬಿಸಿದ್ದುಂಟು. ಅಂದಮೇಲೆ ದೂರದ ವಿಜಯಪುರದವರಿಗೆ ಸಂಯಮವನ್ನು ಬೋಧಿಸುವುದು ಹೇಗೆ? ಗೋಲಗುಮ್ಮಟದ ಮೊಗಸಾಲೆಯಲ್ಲಿ ಒಮ್ಮೆ ಕೂಗಿದ್ದು ಹಲವು ಸಲ ಮರುದನಿಗೊಡುವಂತೆ ಅಂಗೈಯಗಲದ ಮೊಬೈಲಿನಲ್ಲಿ ಒಬ್ಬನು ಬೈದ ಬೈಗುಳವೇ ಊರೂರು ಸುತ್ತಿ ಬೈದವನ ಕಿವಿಗೇ ಹೊಸದೆಂಬಂತೆ ಮರಳಿ ಬರುತ್ತಿತ್ತು.

ಸಿಟ್ಟು ಬರಬಾರದೆಂದು ನಾವು ಹೇಳುವವರಲ್ಲ. ತನ್ನದೆಂದು ತಿಳಿದ ವಸ್ತು ಹಾಳಾದಾಗಲೇ ಮನುಷ್ಯನಿಗೆ ಸಿಟ್ಟು ಬರುತ್ತದೆ. ಗುವಾಹಟಿಯ ಸೋಲಿಗೆ ತಿಕೋಟಾದ ತರುಣನ ಊಟ ರುಚಿಸದೆ ಹೋದರೆ ಅದು ಅವನ ದೇಶಾಭಿಮಾನಕ್ಕೆ ಸಾಕ್ಷಿಯೇ ಸರಿ. ನಮ್ಮ ಪ್ರಶ್ನೆ ಬೇರೆ. ಈ ಸಿಟ್ಟಿಗೆ ಪಂದ್ಯದ ವಿಷಯವಾಗಿ ಎಷ್ಟು ಗೊತ್ತು? ಈ ಆಟದಲ್ಲಿ ಸಿಟ್ಟಾದವರ ಪಾಲು ಎಷ್ಟು?

ಮೊದಲು ಪಂದ್ಯವನ್ನೇ ನೋಡೋಣ. ಅದು ನವೆಂಬರ 22ಕ್ಕೆ ಆರಂಭವಾಯಿತು. ಅಸ್ಸಾಮಿನಲ್ಲಿ ಹೊತ್ತು ಬೇಗ ಮುಳುಗುವುದರಿಂದ ಚಹದ ವಿರಾಮವನ್ನು ಊಟಕ್ಕಿಂತ ಮೊದಲೇ ಇಟ್ಟಿದ್ದರು. ಇಂಥ ವಿಚಿತ್ರವನ್ನು ಕ್ರಿಕೆಟಿನ ಹಿರಿಯರು ಕನಸಿನಲ್ಲಿಯೂ ಎಣಿಸಿರಲಾರರು. ಮೊದಲ ದಿನದ ಕೊನೆಗೆ ದಕ್ಷಿಣ ಆಫ್ರಿಕದವರು 6 ವಿಕೆಟ್ಟುಗಳನ್ನು ಕಳೆದುಕೊಂಡು 247 ಓಟ ಮಾಡಿದ್ದರು. ಅಲ್ಲಿಯವರೆಗೆ ಪಂದ್ಯ ಸರಿಸಮವಾಗಿಯೇ ಇತ್ತು. ಮರುದಿನ ಸೆನುರಾನ್ ಮುತ್ತುಸಾಮಿ ಎಂಬವನು ಇನ್ನೂರಕ್ಕೂ ಹೆಚ್ಚು ಚೆಂಡುಗಳನ್ನೆದುರಿಸಿ 109 ಓಟ ಗಳಿಸಿದನು. ಎತ್ತರದಾಳು ಮಾರ್ಕೊ ಯಾನ್ಸೆನ್ 93 ಹೊಡೆದನು. ಮೊತ್ತ 489ಕ್ಕೆ ಮುಟ್ಟಿತು. ನೂರೈವತ್ತೊಂದು ಓವರುಗಳವರೆಗೆ ನಮ್ಮವರು ಬಿಸಿಲಲ್ಲಿ ಚೆಂಡೆಸೆದರು. ಆಮೇಲೆ ನಮ್ಮ ಸರದಿ. ಒಂದು ವಿಕೆಟ್ಟಿಗೆ 95 ಇದ್ದದ್ದು ನೋಡನೋಡುತ್ತಿರುವಂತೆ ಏಳು ವಿಕೆಟ್ಟಿಗೆ 122 ಆಯಿತು. ಯಾನ್ಸೆನ್ ಆರು ಮಂದಿಯನ್ನು ಕೆಡವಿದನು. ಒಟ್ಟು 201. ಎರಡನೆಯ ಸರದಿಯಲ್ಲಿ 549 ಓಟಗಳ ಬೆಟ್ಟ ಎದುರಿಗಿದ್ದಾಗ ಸೈಮನ್ ಹಾರ್ಮರನ ತಿರುವಿಗೆ ಆರು ಮಂದಿ ಬಲಿಯಾಗಿ 140ಕ್ಕೆ ಎಲ್ಲವೂ ಮುಗಿಯಿತು.

ಈ ಲೆಕ್ಕದೊಳಗೆ ಒಂದು ಚಿಕ್ಕ ಸಂಗತಿಯಿದೆ. ಅದನ್ನು ಗಾಂಧಿ ಚೌಕದಲ್ಲಿ ಯಾರೂ ಎತ್ತಿ ಆಡಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ನಮ್ಮ ಮೊದಲ ಸರದಿಯಲ್ಲಿ ಎಲ್ಲರಿಗಿಂತ ಹೆಚ್ಚು ಚೆಂಡುಗಳನ್ನು ಎದುರಿಸಿದವರು ಯಾವ ಹೆಸರಾಂತ ದಾಂಡಿಗರೂ ಅಲ್ಲ, ಚೆಂಡೆಸೆಯುವ ಸಲುವಾಗಿ ತಂಡದಲ್ಲಿದ್ದ ಕುಲದೀಪ ಯಾದವರು. 134 ಚೆಂಡುಗಳನ್ನೆದುರಿಸಿ ಅವರು ಮಾಡಿದ್ದು 19 ಓಟ. ವಾಷಿಂಗ್ಟನ್ ಸುಂದರರೊಡನೆ ಕೂಡಿ ಅವರು ನಿಂತಷ್ಟು ಹೊತ್ತು ಆ ಅಂಗಣದಲ್ಲಿ ಭೂತಪಿಶಾಚಿಗಳೇನೂ ಇಲ್ಲವೆಂಬುದು ಎಲ್ಲರಿಗೂ ಕಂಡಿತು. ನಿಲ್ಲುವ ಮನಸ್ಸಿದ್ದವನಿಗೆ ನಿಲ್ಲಲು ನೆಲವಿತ್ತು. ಇದನ್ನು ನೋಡಿ ಸಿಟ್ಟಾದವನ ಸಿಟ್ಟು ಬೇರೆ. ಬರೇ 408 ಎಂಬ ಅಂಕಿಯನ್ನು ಓದಿ ಸಿಟ್ಟಾದವನ ಸಿಟ್ಟು ಬೇರೆ. ನಮ್ಮ ಜಾತ್ರೆಗಳ ಕುಸ್ತಿಯ ಕಣದಲ್ಲಿ ಕುಳಿತ ಮುದುಕನು ಪೈಲವಾನನು ಚಿತ್ತಾದೊಡನೆ ಬೈಯುವುದಿಲ್ಲ. ಯಾವ ಪಟ್ಟಿನಲ್ಲಿ ಕಾಲು ತಪ್ಪಿತೆಂದು ಪಕ್ಕದವನಿಗೆ ಹೇಳುತ್ತಾನೆ, ಏಕೆಂದರೆ ಅವನೂ ಒಂದು ಕಾಲಕ್ಕೆ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನು.

ಸೋಲಿನ ದಿನ ಹುಚ್ಚೆದ್ದ ಜನ ಹಿಂದೆಯೂ ಇದ್ದರು. 1974ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ನಮ್ಮ ತಂಡವು ಎರಡನೆಯ ಸರದಿಯಲ್ಲಿ ಹದಿನೇಳು ಓವರುಗಳೊಳಗೆ 42ಕ್ಕೆ ಬಿದ್ದು, ಒಂದು ಇನ್ನಿಂಗ್ಸ್ ಮತ್ತು 285 ಓಟಗಳಿಂದ ಸೋತಿತು. ಗಾಯಗೊಂಡ ನಮ್ಮ ಚಂದ್ರಶೇಖರರು ಆ ಸರದಿಯಲ್ಲಿ ದಾಂಡು ಹಿಡಿಯಲೂ ಇಳಿಯಲಿಲ್ಲ. ಮೂರು ವರ್ಷಗಳ ಹಿಂದೆ ವಿಜಯಿಯಾಗಿ ಬಂದಾಗ ಮೆರವಣಿಗೆ ಮಾಡಿಸಿಕೊಂಡಿದ್ದ ಅದೇ ಅಜಿತ ವಾಡೇಕರರ ಮನೆಗೆ ಕಲ್ಲುಗಳು ಬಿದ್ದವು. ಗೆಲುವಿನ ನೆನಪಿಗೆಂದು ಇಂದೂರಿನಲ್ಲಿ ನಿಲ್ಲಿಸಿದ್ದ ಕಾಂಕ್ರೀಟಿನ ದಾಂಡಿಗೆ ಮಸಿ ಬಳಿದರು. ಆ ಕಲ್ಲುಗಳಿಂದ ಒಬ್ಬ ದಾಂಡಿಗನ ಆಟವಾದರೂ ಸುಧಾರಿಸಿತೆಂದು ಇದುವರೆಗೆ ಯಾರೂ ಹೇಳಿದ್ದಿಲ್ಲ.

ಆ ವರ್ಷದ ಮುಂದಿನ ಕಥೆಯನ್ನು ಕನ್ನಡಿಗರು ಮರೆಯಬಾರದು. ಅದೇ ನವೆಂಬರ 22ಕ್ಕೆ ಬೆಂಗಳೂರಿನಲ್ಲಿ ಕನ್ನಡ ನೆಲದ ಮೊಟ್ಟಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ಎದುರಾಳಿಗಳು ವೆಸ್ಟ್ ಇಂಡೀಸಿನವರು. ನಾಯಕನಾಗಿ ಮೊದಲ ಪಂದ್ಯವಾಡುತ್ತಿದ್ದ ಕ್ಲೈವ್ ಲಾಯ್ಡ್ 163 ಹೊಡೆದನು. ಆ ಪಂದ್ಯದಿಂದಲೇ ಟೆಸ್ಟ್ ಜೀವನ ತೊಡಗಿದ ಗಾರ್ಡನ್ ಗ್ರೀನಿಜ್ ಒಂದು ಸರದಿಗೆ 93, ಇನ್ನೊಂದಕ್ಕೆ 107. ನಮ್ಮ ನಾಯಕ ಪಟೌಡಿಯವರೂ ವಿಕೆಟ್ ರಕ್ಷಕ ಇಂಜಿನಿಯರರೂ ಗಾಯಗೊಂಡು ಕೊನೆಯ ಸರದಿಗೆ ಇಳಿಯಲಾರದೆ ಹೋಗಿ, 118ಕ್ಕೆ ಆಟ ಮುಗಿದು, 267 ಓಟಗಳ ಸೋಲು. ಕನ್ನಡನಾಡಿನ ಟೆಸ್ಟ್ ಇತಿಹಾಸದ ಮೊದಲ ಪುಟವೇ ಸೋಲಿನದು. ಆದರೆ ಆ ಸರಣಿ ಅಲ್ಲಿಗೆ ಸಾಯಲಿಲ್ಲ. ಹೊಸವರ್ಷದ ಹೊತ್ತಿಗೆ ಕಲಕತ್ತೆಯಲ್ಲಿ ಗುಂಡಪ್ಪ ವಿಶ್ವನಾಥರು 139 ಗಳಿಸಿದರು, ಭಾರತ 85 ಓಟಗಳಿಂದ ಗೆದ್ದಿತು. 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಅವರೇ 97 ಮಾಡಿ ಅಜೇಯರಾಗಿ ಉಳಿದರು, ಭಾರತ ನೂರು ಓಟಗಳಿಂದ ಗೆದ್ದಿತು. ಮುಂಬಯಿಯ ಕೊನೆಯ ಪಂದ್ಯ ಸೋತು ಸರಣಿ 3-2ರಂತೆ ಕೈತಪ್ಪಿದ್ದು ನಿಜ. ಆದರೂ ಎರಡು ಸೋಲಿನ ಮೇಲೆ ಎರಡು ಗೆಲುವು ತಂದು ಸಮ ಮಾಡಿದ ಆ ಕಸುವು ಎಲ್ಲಿಂದ ಬಂತು?

ಅದು ಒಂದು ರಾತ್ರಿಯಲ್ಲಿ ಬರಲಿಲ್ಲ. ನಮ್ಮ ನಾಡು 1973ರ ನವೆಂಬರ 1ಕ್ಕೆ ಕರ್ನಾಟಕವೆಂಬ ತನ್ನ ಹೆಸರನ್ನು ಮರಳಿ ಪಡೆದ ಮೊದಲ ಹಂಗಾಮಿನಲ್ಲಿಯೇ, ಪ್ರಸನ್ನರ ಮುಂದಾಳುತನದಲ್ಲಿ, ಹದಿನೈದು ವರ್ಷ ಬಿಡದೆ ರಣಜಿ ಪಾರಿತೋಷಕವನ್ನು ಹಿಡಿದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಹಿಂದೆ ಹಾಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಸಲ ಗೆದ್ದುಕೊಂಡಿತ್ತು. ಕೆಳಗಿನ ನೆಲ ಗಟ್ಟಿಯಿತ್ತು. ಮೇಲೆ ಬಿರುಗಾಳಿ ಬಂದಾಗ ಬಾಗಿದ ಗಿಡ ಮತ್ತೆ ನೆಟ್ಟಗಾಯಿತು.

ಈ ಮಾತನ್ನು ತಿಕೋಟಾದ ದ್ರಾಕ್ಷಿ ಬೆಳೆಗಾರರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಾಘ ಫಾಲ್ಗುಣಗಳಲ್ಲಿ ಗೊಂಚಲು ತೆಳ್ಳಗಾದರೆ ಅವರು ಗೊಂಚಲನ್ನು ಬೈಯುತ್ತ ನಿಲ್ಲುವುದಿಲ್ಲ. ಎಪ್ರಿಲ್ ಚಾಟನಿ ಯಾವ ವಾರಕ್ಕೆ ಆಯಿತು, ಕಡ್ಡಿ ಬಲಿಯುವಾಗ ಎಷ್ಟು ಬಿಸಿಲು ಸಿಕ್ಕಿತು, ಬೇಸಗೆಯಲ್ಲಿ ಟ್ಯಾಂಕರಿನ ನೀರು ಎಷ್ಟು ದಿನ ತಪ್ಪಿತು ಎಂದು ಹಿಂದಕ್ಕೆ ಎಣಿಸುತ್ತ ಹೋಗುತ್ತಾರೆ. ಏಕೆಂದರೆ ಮುಂದಿನ ವರ್ಷ ಕಾಣಬೇಕಾದ ಗೊಂಚಲು ಎಪ್ರಿಲ್ ಮೇ ತಿಂಗಳುಗಳಲ್ಲಿಯೇ ಕಣ್ಣಿನೊಳಗೆ ಅಡಗಿ ಕಟ್ಟಿಕೊಳ್ಳುತ್ತದೆ; ಅಕ್ಟೋಬರ್ ಚಾಟನಿಯು ಒಳಗಿದ್ದುದನ್ನು ಹೊರಗೆ ತರಬಲ್ಲದಲ್ಲದೆ ಇಲ್ಲದ್ದನ್ನು ಹುಟ್ಟಿಸಲಾರದು. ಗುವಾಹಟಿಯಲ್ಲಿ ಆದದ್ದೂ ಅಕ್ಟೋಬರ್ ಚಾಟನಿಯೇ. ಕಣ್ಣು ಬರಿದಾಗಿತ್ತು, ಅದು ಎಲ್ಲರಿಗೂ ತೋರಿತು.

ಬರಿದಾದದ್ದು ಇಂದು ನಿನ್ನೆಯದಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಮೋಡ ಕವಿದ ಮುಂಜಾನೆ ನ್ಯೂಜೀಲಂಡಿನವರ ಎದುರು 46ಕ್ಕೆ ಸರ್ವಪತನವಾಗಿತ್ತು; ಐವರು ಸೊನ್ನೆ ಸುತ್ತಿದರು. ಸ್ವದೇಶದಲ್ಲಿ ಭಾರತದ ಅತಿ ಕಡಿಮೆ ಮೊತ್ತವದು. ಅಲ್ಲಿ 134 ಓಟ ಗಳಿಸಿ ನಮ್ಮ ಮೇಲೆ ಸವಾರಿ ಮಾಡಿದ ರಚಿನ್ ರವೀಂದ್ರನ ತಂದೆ ತಾಯಿಗಳು ಬೆಂಗಳೂರಿನ ಮೂಲದವರು. ಗುವಾಹಟಿಯ ಮುತ್ತುಸಾಮಿಯ ಪೂರ್ವಜರು ತಮಿಳುನಾಡಿನಿಂದ ಹೋದವರು. ನಮ್ಮ ಬೀಜಕ್ಕೆ ಪರದೇಶದ ಮಣ್ಣಿನಲ್ಲಿ ಈ ತಾಳ್ಮೆ ಬರುವುದಾದರೆ ನಮ್ಮ ಮಣ್ಣಿಗೆ ಏನಾಗಿದೆಯೆಂದು ಕೇಳುವುದು ತಪ್ಪಾಗಲಾರದು. ಪುಣೆ, ಮುಂಬಯಿಗಳ ಪಂದ್ಯಗಳನ್ನೂ ಸೋತು ಆ ಸರಣಿ 3-0ರಂತೆ ಹೋಯಿತು. 2012ರ ಬಳಿಕ ಮನೆಯಂಗಳದಲ್ಲಿ ಒಂದೂ ಸರಣಿ ಸೋಲದಿದ್ದ ಹೆಮ್ಮೆಯೂ ಅದರೊಡನೆ ಹೋಯಿತು. ಗುವಾಹಟಿಗೆ ಒಂದು ವಾರ ಮೊದಲು ಕಲಕತ್ತೆಯಲ್ಲಿ 124 ಓಟ ಮಾಡಲಾರದೆ 93ಕ್ಕೆ ಬಿದ್ದದ್ದನ್ನೂ ಇದೇ ಸಾಲಿಗೆ ಸೇರಿಸಬೇಕು.

ಬಳ್ಳಿಯ ಕಣ್ಣು ಕಟ್ಟುವ ಎಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಆಟಗಾರರು ಎಲ್ಲಿರುತ್ತಾರೆ? 2008ರಿಂದ ಇಪ್ಪತ್ತು ಓವರುಗಳ ಐ.ಪಿ.ಎಲ್. ಸಂತೆಯಲ್ಲಿ. ಅದನ್ನು ನೋಡುವವರಾರು? ಗುವಾಹಟಿಯ ಸೋಲಿಗೆ ಹಣದ ಆಟವನ್ನು ಶಪಿಸಿದ ಮಹನೀಯರೇ. ನಾಲ್ಕು ದಿನಗಳ ರಣಜಿ ಪಂದ್ಯಗಳ ಗತಿಯೇನು? 2025ರ ಜನವರಿ 30ಕ್ಕೆ ದಿಲ್ಲಿಯಲ್ಲಿ ಬಹಳ ವರ್ಷಗಳ ಮೇಲೆ ವಿರಾಟ ಕೊಹ್ಲಿಯವರು ರಣಜಿ ಆಡಲಿಳಿದರೆಂದು ಸಾವಿರಾರು ಜನ ನೂಕುನುಗ್ಗಲು ಮಾಡಿ ಮೈದಾನ ತುಂಬಿದರು. ಅವರು 6 ಓಟಕ್ಕೆ ಔಟಾಗುತ್ತಲೇ ಎದ್ದು ಹೊರಟರು. ಅದು ಒಬ್ಬ ವ್ಯಕ್ತಿಯ ದರ್ಶನಕ್ಕೆ ನೆರೆದ ಜಾತ್ರೆ. ಅದೇ 2025ರ ನವೆಂಬರಿನಲ್ಲಿ, ಕಲಕತ್ತೆ ಗುವಾಹಟಿಗಳ ನಡುವಿನ ದಿನಗಳಲ್ಲಿ, ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಕರ್ನಾಟಕವು ಚಂಡೀಗಢವನ್ನು ಇನ್ನಿಂಗ್ಸಿನ ಅಂತರದಿಂದ ಸೋಲಿಸಿತು. ಸ್ಮರಣ್ ರವಿಚಂದ್ರನ್ ಎಂಬ ತರುಣರು ಇನ್ನೂರು ದಾಟಿ ಅಜೇಯರಾಗಿ ಉಳಿದರು. ವಿಜಯಪುರದಿಂದ ಹುಬ್ಬಳ್ಳಿಗೆ ರೈಲೂ ಇದೆ, ಬಸ್ಸೂ ಇದೆ. ಎಷ್ಟು ಮಂದಿ ಹೋದರೆಂದು ನಾವು ಕೇಳುವುದಿಲ್ಲ. ಎಷ್ಟು ಮಂದಿಗೆ ಆ ಪಂದ್ಯ ನಡೆದದ್ದಾದರೂ ಗೊತ್ತಿತ್ತೆಂದು ಕೇಳುತ್ತೇವೆ.

ಇನ್ನು ನಮ್ಮ ಪಾಲಿನ ಮಾತು. ಗುವಾಹಟಿಯ ಹನ್ನೊಂದು ಮಂದಿಯಲ್ಲಿ ಕನ್ನಡನಾಡಿನವರೆಂದರೆ ಕೆ. ಎಲ್. ರಾಹುಲರು ಒಬ್ಬರೇ. ಅವರು ಮಾಡಿದ್ದು 22 ಮತ್ತು 6. ನಮ್ಮ ಕೆಲವು ಮಿತ್ರರು ಉಳಿದ ಹತ್ತು ಮಂದಿಯನ್ನು ಬೈದು ಇವರೊಬ್ಬರನ್ನು ಕ್ಷಮಿಸಿದರು. ಇನ್ನು ಕೆಲವರು ನಾಡಿನ ಮಾನ ಕಳೆದರೆಂದು ಇವರನ್ನೇ ಎರಡು ಪಟ್ಟು ಬೈದರು. ಎರಡೂ ಸರಿಯಲ್ಲ. ನಾಡಿನ ಅಭಿಮಾನವೆಂದರೆ ಪಟ್ಟಿಯಲ್ಲಿ ನಮ್ಮ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ಹುಡುಕುವುದೇ? ನಮ್ಮ ಜಿಲ್ಲೆಯು 1956ರ ನವೆಂಬರ 1ಕ್ಕೆ ಮುಂಬಯಿ ರಾಜ್ಯವನ್ನು ಬಿಟ್ಟು ಕನ್ನಡ ತಾಯಿಯ ಮಡಿಲು ಸೇರಿತು. ಅಂದು ಒಂದಾದ ನಾಡು ಆಟದ ಅಂಗಣದಲ್ಲಿ ಎಷ್ಟು ಒಂದಾಗಿದೆಯೆಂದು ಕೇಳುವ ಹಕ್ಕು ನಮಗಿದೆ. ಬೆಂಗಳೂರು ಇಲ್ಲಿಂದ 500 ಕಿಲೋಮೀಟರಿಗೂ ದೂರ. ಆಯ್ಕೆ ನಡೆಯುವುದು ಅಲ್ಲಿ, ಒಳ್ಳೆಯ ಅಂಗಣಗಳಿರುವುದು ಅಲ್ಲಿ. ಗದಗಿನ ಸುನೀಲ ಜೋಶಿಯವರು ಹುಡುಗನಾಗಿದ್ದಾಗ ಬೆಳಗಿನ ಜಾವ ಸುಮಾರು 60 ಕಿಲೋಮೀಟರು ಪ್ರಯಾಣ ಮಾಡಿ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಮರಳಿ ಗದಗಿನ ಶಾಲೆಗೆ ಬರುತ್ತಿದ್ದರು; ಹಾಗೆ ಬೆಳೆದು 15 ಟೆಸ್ಟ್ ಆಡಿ 41 ವಿಕೆಟ್ ಪಡೆದರು. ಅಂಥ ಹಟವುಳ್ಳ ಹುಡುಗ ಇಂದು ಬಬಲೇಶ್ವರದಲ್ಲಿ ಹುಟ್ಟಿದರೆ ಅವನು ಹೋಗಬೇಕಾದ ದಾರಿ ಅದರ ಮೂರು ಪಟ್ಟಿಗಿಂತ ಉದ್ದ.

ಆದರೆ ದೂರುವುದಕ್ಕೆ ಬೆಂಗಳೂರೊಂದೇ ಸಾಕೆಂದು ಸುಮ್ಮನಾಗುವುದು ನಮಗೆ ಒಪ್ಪಿಗೆಯಿಲ್ಲ. ‘ಬಿಜಾಪುರ ಬುಲ್ಸ್’ ಎಂಬ ನಮ್ಮ ಊರ ಹೆಸರಿನ ತಂಡವು 2018ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಕೊನೆಯ ಪಂದ್ಯವನ್ನು ಮೈಸೂರಿನಲ್ಲಿ ಗೆದ್ದು ಢಾಲು ತಂದಾಗ ನಾವು ಹಿಗ್ಗಿದೆವು. 2022ರಲ್ಲಿ ಅದರ ಸ್ಥಳದಲ್ಲಿ ಮಹಾರಾಜ ಟ್ರೋಫಿ ಎಂಬ ಪಂದ್ಯಾವಳಿ ಹೊಸದಾಗಿ ಆರಂಭವಾದಾಗ ಆರು ತಂಡಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರ್ಗಿಗಳ ಹೆಸರಿದ್ದವು, ವಿಜಯಪುರದ ಹೆಸರಿರಲಿಲ್ಲ. ಅಂದು ಗಾಂಧಿ ಚೌಕದಲ್ಲಿ ಒಂದು ಸಭೆ ಸೇರಿತೇ? ಒಂದು ಮನವಿಪತ್ರಕ್ಕೆ ನೂರು ಸಹಿ ಬಿದ್ದವೇ? ಗುವಾಹಟಿಯಲ್ಲಿ ಕಳೆದ ಮಾನಕ್ಕೆ ಅಷ್ಟು ಕೂಗಿದ ಗಂಟಲು ಮನೆಬಾಗಿಲಿನ ನಷ್ಟಕ್ಕೆ ಏಕೆ ಕಟ್ಟಿತೋ ತಿಳಿಯದು.

ನಮ್ಮ ಊರಿಗೆ ಕ್ರಿಕೆಟಿನಲ್ಲಿ ಹೆಸರೇ ಇಲ್ಲವೆಂದು ಅಲವತ್ತುಕೊಳ್ಳುವವರೂ ಉಂಟು. ಅವರಿಗೆ ಒಂದು ಹೆಸರನ್ನು ನೆನಪಿಸುತ್ತೇವೆ: ರಾಜೇಶ್ವರಿ ಗಾಯಕವಾಡ. ವಿಜಯಪುರದ ಈ ಎಡಗೈ ಸ್ಪಿನ್ನರು 2014ರ ನವೆಂಬರಿನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಟೆಸ್ಟ್ ಪಂದ್ಯಕ್ಕೆ ಕಾಲಿಟ್ಟರು. ಆ ಪಂದ್ಯವನ್ನು ನಮ್ಮ ಮಹಿಳೆಯರು ಇನ್ನಿಂಗ್ಸಿನಿಂದ ಗೆದ್ದರು. 2017ರ ಜುಲೈ 15ಕ್ಕೆ ಇಂಗ್ಲಂಡಿನ ಡರ್ಬಿಯಲ್ಲಿ ವಿಶ್ವಕಪ್ಪಿನ ನಿರ್ಣಾಯಕ ಪಂದ್ಯದಲ್ಲಿ 15 ಓಟ ಕೊಟ್ಟು 5 ವಿಕೆಟ್ ಕಿತ್ತು ನ್ಯೂಜೀಲಂಡನ್ನು 79ಕ್ಕೆ ಕೆಡವಿದರು. ಎಂಟು ದಿನಗಳ ಮೇಲೆ ಲಾರ್ಡ್ಸಿನಲ್ಲಿ ಕೊನೆಯ ಪಂದ್ಯ. ಮೂರು ವಿಕೆಟ್ಟಿಗೆ 191 ಇದ್ದ ನಮ್ಮವರು 219ಕ್ಕೆ ಮುಗಿದು ಬರೇ 9 ಓಟಗಳಿಂದ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದದ್ದೆಂದರೆ ಅದೇ. ಆದರೂ ಅಂದು ಯಾರ ಮನೆಗೂ ಕಲ್ಲು ಬೀಳಲಿಲ್ಲ. ಸೋತು ಬಂದ ಹೆಣ್ಣುಮಕ್ಕಳನ್ನು ದೇಶವು ಹೂವು ಹಿಡಿದು ಎದುರುಗೊಂಡಿತು. ಆ ವರ್ಷದಿಂದೀಚೆಗೆ ಮಹಿಳಾ ಆಟವನ್ನು ಕೇಳುವವರೂ ಬೆಳೆಸುವವರೂ ಹೆಚ್ಚಿದರು. 2025ರ ನವೆಂಬರ 2ರ ಗೆಲುವಿನ ಕಣ್ಣು ಕಟ್ಟಿದ್ದು ಆ ಸೋಲಿನಲ್ಲಿಯೇ ಎಂದು ನಮ್ಮ ನಂಬುಗೆ.

ಈಗ ನಮ್ಮ ಶಾಲಾ ಶಿಕ್ಷಕರಿಗೆ ಒಂದು ಅರಿಕೆ. ನಮ್ಮ ಹಳ್ಳಿ ಪಟ್ಟಣಗಳ ತರುಣರು ಕ್ರಿಕೆಟ್ ಆಡುವುದಿಲ್ಲವೆಂದಲ್ಲ. ಕೊಯ್ದ ಹೊಲದಲ್ಲಿ, ಶಾಲೆಯ ಬಯಲಿನಲ್ಲಿ ಬೇಕಾದಷ್ಟು ಆಡುತ್ತಾರೆ. ಎಲ್ಲವೂ ಟೆನಿಸ್ ಚೆಂಡಿನ ಎಂಟು, ಹತ್ತು ಓವರುಗಳ ಪಂದ್ಯಾವಳಿ. ಅಲ್ಲಿ ಆರನೆಯ ಚೆಂಡಿಗೂ ಸಿಕ್ಸರ್ ಬಾರದಿದ್ದರೆ ಹುಡುಗನನ್ನು ಗೇಲಿ ಮಾಡುತ್ತಾರೆ. 134 ಚೆಂಡುಗಳಿಗೆ 19 ಓಟವೆಂದರೆ ಆ ಹುಡುಗನಿಗೆ ನಗೆಯೇ ಬಂದೀತು. ಅಂಥವರ ನಡುವಿನಿಂದ ಐದು ದಿನ ನಿಲ್ಲುವವನು ಏಳುವುದು ಹೇಗೆ? ಚರ್ಮದ ಚೆಂಡು, ಕಾಲಿಗೆ ಕಟ್ಟುವ ಪ್ಯಾಡು, ಹಾಸಲು ಒಂದು ಚಾಪೆ, ಇಷ್ಟಕ್ಕೆ ಹಣ ಕೂಡಿಸುವುದು ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೂ ಬಬಲೇಶ್ವರದ ವರ್ತಕರಿಗೂ ಅಸಾಧ್ಯವೇನಲ್ಲ. ಪಂದ್ಯಾವಳಿಯ ಬಹುಮಾನಕ್ಕೆ ಅವರು ಕೊಡುವ ದುಡ್ಡಿನಲ್ಲಿಯೇ ಅದು ಆದೀತು. ಎರಡು ದಿನ, ಎರಡೆರಡು ಸರದಿ, ಓವರುಗಳ ಕಟ್ಟಿಲ್ಲದ ಪಂದ್ಯಗಳನ್ನು ದೀಪಾವಳಿಯ ರಜೆಯಲ್ಲಿ ಮೂರೂ ಊರುಗಳ ಶಾಲೆಗಳ ನಡುವೆ ಏರ್ಪಡಿಸಬಾರದೇಕೆ? ಹುಡುಗಿಯರಿಗೂ ಪ್ರತ್ಯೇಕ ಪಂದ್ಯವಿರಲಿ. ರಾಜೇಶ್ವರಿಯವರ ಊರಿನಲ್ಲಿ ಅದನ್ನು ಬೇರೆ ಹೇಳಬೇಕಾದದ್ದೇ ಸಂಕೋಚದ ಸಂಗತಿ. ಆಡಲಾರದ ಹುಡುಗನ ಕೈಯಲ್ಲಿ ಓಟದ ಪುಸ್ತಕವನ್ನು ಕೊಟ್ಟು ಪ್ರತಿ ಚೆಂಡನ್ನೂ ಬರೆಯಲು ಕಲಿಸಿರಿ.

ಅಂಥ ಪಂದ್ಯವೊಂದು ಈ ಮೂರು ಊರುಗಳಲ್ಲಿ ಎಲ್ಲಿ ನಡೆದರೂ ಅದರ ಪೂರ್ತಿ ಓಟಪಟ್ಟಿಯನ್ನು, ಎಷ್ಟು ಚೆಂಡುಗಳೆಂಬ ಲೆಕ್ಕಸಹಿತವಾಗಿ, ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬರೆದು ಕಳಿಸುವವರು ಹಾಳೆಯ ಒಂದೇ ಮಗ್ಗುಲಿಗೆ ಬಿಡಿಸಿ ಬರೆದು ಬುಧವಾರದೊಳಗಾಗಿ ನಮಗೆ ಮುಟ್ಟಿಸಬೇಕು.